ಬಸ್ಯಾ ಉಂಡ ಮೇಲೆ

ಹೋದ ವಾರ ಹಾನಗಲ್ಲಿನಲ್ಲಿ ಒಂದು ಮದುವೆಯ ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ರಸ್ತೆಯ ಬದಿಯಲ್ಲಿ ಒಬ್ಬಾಕೆ ಒದ್ದೆ ಗೋಣಿಚೀಲ ಹಾಸಿ, ಹಕ್ಕರಕಿ ಸೊಪ್ಪಿನ ಸೂಡುಗಳನ್ನು ಜೋಡಿಸಿಕೊಂಡು ಕುಳಿತಿದ್ದಳು. ಬಗ್ಗಿ ಒಂದು ಸೂಡು ಎತ್ತಿದೆ. ದಂಟು ಮುರಿದ ಕಡೆ ಬೆಳ್ಳನೆಯ ಹಾಲು ಒಸರಿತು. ಹಸಿಯಾದ, ತುಸು ಕಹಿಯಾದ ಆ ವಾಸನೆ ಮೂಗಿಗೆ ಬಂತು. ಅಷ್ಟೇ, ನಾನು ಹಾನಗಲ್ಲಿನಲ್ಲಿ ಇರಲಿಲ್ಲ. ಸವಣೂರಿನ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ, ಕಿವಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು, ಒಂದು ಮೊಲದ ಮುಂದೆ ನೆಲಕ್ಕೆ ಕುಳಿತಿದ್ದೆ.

ಅದು ಚಂದ್ರಕ್ಕ ನಮ್ಮ ಮನೆಗೆ ಬಂದ ವರ್ಷದ ಮುಂಗಾರು.

ಚಂದ್ರಕ್ಕ ನನ್ನ ಯಜಮಾನರ ಅಕ್ಕ. ಚಿಕ್ಕೇರೂರಿನಲ್ಲಿ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಎತ್ತುಗಳ ನಡುವೆ ಮುಪ್ಪಾದವರು. ನಾನೋ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು. ಫೋರ್ಕ್ ಯಾವ ಕೈಯಲ್ಲಿ ಹಿಡಿಯಬೇಕು ಎಂದು ಗೊತ್ತಿತ್ತು, ಸಗಣಿ ಯಾವ ಕೈಯಲ್ಲಿ ಹಿಡಿಯಬೇಕು ಎಂದು ಗೊತ್ತಿರಲಿಲ್ಲ. ಡಾಕ್ಟರರನ್ನು ಮದುವೆಯಾಗಿ ಸವಣೂರಿಗೆ ಬಂದೆ. ಅವರು ಬಸ್ ಸ್ಟ್ಯಾಂಡಿನ ಹತ್ತಿರ ದವಾಖಾನೆ ನಡೆಸಿದರು, ನಾನು ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಹಬ್ಬ ಹುಣ್ಣಿಮೆಗೆ ಊರಿಗೆ ಹೋದಾಗ ಚಂದ್ರಕ್ಕ ನನ್ನನ್ನು ತುಸು ದೂರದಿಂದ ನೋಡಿ ನಗುತ್ತಿದ್ದರು. ಅವರ ಮುಂದೆ ನನ್ನ ನಾಲಿಗೆ ಯಾಕೋ ಕಾಪಿ ಪುಸ್ತಕದ ಹಾಗೆ ನೆಟ್ಟಗಾಗಿಬಿಡುತ್ತಿತ್ತು.

ಡಾಕ್ಟರರು ತೀರಿಕೊಂಡರು. ಆಮೇಲೆ ಚಿಕ್ಕೇರೂರಿನ ಮನೆಗೆ ಟ್ರ್ಯಾಕ್ಟರ್ ಬಂತು, ಕೊನೆಯ ಜೋಡಿ ಎತ್ತು ಮಾರಾಟವಾಯಿತು. ಚಂದ್ರಕ್ಕನ ಮೊಣಕಾಲು ಹಿಡಿದುಕೊಂಡಿತು, ಶುಗರ್ ಏರಿತು. ಪೇಟೆಯಲ್ಲಿದ್ದರೆ ಔಷಧಿ ಮಾಡಿಸಲು ಸುಲಭ ಎಂದು ನಾನೇ ಹೋಗಿ ಕರೆದುಕೊಂಡು ಬಂದೆ. ಬಂದರು. ಆದರೆ ಉಣ್ಣಲಿಲ್ಲ.

ಉಣ್ಣಲಿಲ್ಲ ಅಂದರೆ ಹಟವಲ್ಲ. ತಾಟಿನ ಮುಂದೆ ಕೂಡುವರು, ರೊಟ್ಟಿ ಮುರಿಯುವರು, ಒಂದು ತುತ್ತು ಬಾಯಿಗಿಟ್ಟು ಹಿತ್ತಿಲ ಬಾಗಿಲ ಕಡೆ ನೋಡುವರು. ಶುಗರಿನ ಗುಳಿಗೆ ನುಂಗಿ ಹೀಗೆ ಬರಿಹೊಟ್ಟೆಯಲ್ಲಿ ಕುಳಿತರೆ ತಲೆ ತಿರುಗಿ ಬೀಳುವುದು ಖಂಡಿತ. ಬಿದ್ದೂ ಬಿದ್ದರು, ಒಮ್ಮೆ ಬಚ್ಚಲ ಮನೆಯಲ್ಲಿ. ಎಬ್ಬಿಸಿ ಕೂರಿಸಿ ಸಕ್ಕರೆ ನೀರು ಕುಡಿಸಿ, ಯಾಕೆ ಅಕ್ಕಾ ಹೀಗೆ ಎಂದು ಕೇಳಿದಾಗ ಮೊದಲ ಸಲ ಬಾಯಿ ಬಿಟ್ಟರು.

"ಹೋಗವಲ್ದು ಶಾರದಾ. ದನಕ್ಕ ಹಾಕದ ನಾ ಎಂದೂ ಉಂಡಾಕಿ ಅಲ್ಲ. ಕೈ ಬಾಯಿಗೆ ಬರತೈತಿ, ಗಂಟಲಾ ಕೇಳತೈತಿ, ಅವಕ್ಕ ಹಾಕಿದಿ ಏನ ಅಂತ."

ಮೇವು ಹಾಕಿ, ನೀರು ತೋರಿಸಿ, ಅವು ಬಾಯಿ ಆಡಿಸುವುದನ್ನು ಕಣ್ಣಿಂದ ಕಂಡ ಮೇಲೆಯೇ ತಾನು ಕೂಡುವುದು. ಆ ಮನೆಯ ಹೆಂಗಸರೆಲ್ಲ ಹಾಗೇ. ಅದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ, ಉಸಿರಾಡುವುದನ್ನು ಕಲಿಸದ ಹಾಗೆ. ನಮ್ಮ ಸವಣೂರಿನ ಮನೆಯಲ್ಲಿ ಹಲ್ಲಿ ಬಿಟ್ಟರೆ ಬೇರೆ ಪ್ರಾಣಿ ಇರಲಿಲ್ಲ.

ಮನಸ್ಸು ಹಗುರಾಗಲಿ ಎಂದು ಬಂಕಾಪುರದ ಕೋಟೆಗೆ ನವಿಲು ತೋರಿಸಲು ಕರೆದುಕೊಂಡು ಹೋದೆ. ಮೊದಲ ಮಳೆ ಬಿದ್ದು ಕಂದಕದ ತುಂಬ ಹಸಿರು. ನವಿಲೊಂದು ಗೋಡೆಯ ಮೇಲೆ ಬಾಲ ಇಳಿಬಿಟ್ಟು ನಿಂತಿತ್ತು. ನಾನು "ಲುಕ್, ಅಕ್ಕಾ, ಲುಕ್" ಎನ್ನುತ್ತಿದ್ದೆ. ತಿರುಗಿ ನೋಡಿದರೆ ಚಂದ್ರಕ್ಕ ಇಲ್ಲ. ರಸ್ತೆಯ ಆಚೆ ಒಬ್ಬ ಸಾಹೇಬರು ಬುಟ್ಟಿಯಲ್ಲಿ ಮೊಲದ ಮರಿಗಳನ್ನು ಇಟ್ಟುಕೊಂಡು ಮಾರುತ್ತಿದ್ದರು. ಅವರ ಮುಂದೆ ಈ ಹೆಂಗಸು, ಆ ಮೊಣಕಾಲಿನಲ್ಲಿ, ಕುಕ್ಕರಗಾಲಲ್ಲಿ ಕುಳಿತು ಒಂದು ಕರಕಿ ಹುಲ್ಲಿನ ಎಸಳು ಕಿತ್ತು ಬುಟ್ಟಿಯೊಳಗೆ ಹಿಡಿದಿದ್ದರು. ಬೂದು ಕಿವಿಯ ಒಂದು ಬಿಳಿ ಮರಿ ಆ ಎಸಳನ್ನು ತುದಿಯಿಂದ ಬುಡದವರೆಗೆ, ಎಲ್ಲಿಯೂ ನಿಲ್ಲದೆ, ಬಾಯಿಯೊಳಗೆ ಎಳೆದುಕೊಳ್ಳುತ್ತಿತ್ತು.

"ನವಿಲಿಗೆ ಕುಣಿಯೂದು ಗೊತ್ತು," ಅಂದರು ಚಂದ್ರಕ್ಕ, ನನ್ನ ಕಡೆ ನೋಡದೆ. "ಇದಕ್ಕ ಉಣ್ಣೂದು ಗೊತ್ತು."

ಏನು ಹಾಕಬೇಕು ಎಂದು ಕೇಳಿದ್ದಕ್ಕೆ ಸಾಹೇಬರು, ಏನು ಹಾಕಿದರೂ ತಿನ್ನುತ್ತದೆ ಎಂದರು. ಆ ಒಂದು ಮಾತನ್ನು ನಾವಿಬ್ಬರೂ ನಂಬಿಕೊಂಡು ಮರಿಯನ್ನು ಕೊಂಡು ಮನೆಗೆ ತಂದೆವು. ದಾರಿಯಲ್ಲಿಯೇ ಹೆಸರಿಟ್ಟಾಗಿತ್ತು. ಮಾರಿಹೋದ ಎತ್ತಿನ ಹೆಸರು, ಬಸ್ಯಾ.

ಆ ಸಂಜೆ ಬಸ್ಯಾನ ಮುಂದೆ ಹುಲ್ಲು ಹಾಕಿ, ಅದು ಬಾಯಿ ಆಡಿಸುವುದನ್ನು ನೋಡಿ, ಚಂದ್ರಕ್ಕ ಕೈ ತೊಳೆದುಕೊಂಡು ಬಂದು ಪೂರ್ತಿ ರೊಟ್ಟಿ ತಿಂದರು. ಇನ್ನರ್ಧ ಕೇಳಿದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತುಬಿಟ್ಟೆ. ಅಂಗೈ ಅಗಲದ ಒಂದು ಜೀವ, ಹೊಲ ಉತ್ತ ಎತ್ತುಗಳ ಜಾಗದಲ್ಲಿ ನಿಂತು, ಒಂದು ಗಂಟಲಿನ ಬಾಗಿಲು ತೆರೆದಿತ್ತು.

ಆಮೇಲೆ ಶುರುವಾದದ್ದು ಮೊಲಕ್ಕೆ ಏನು ಒಳ್ಳೆಯದು ಎಂಬ ನಮ್ಮ ಜಗಳ. ನನ್ನ ತಲೆಯಲ್ಲಿದ್ದ ಮೊಲ ಕಾನ್ವೆಂಟಿನ ಪಿಕ್ಚರ್ ಬುಕ್ಕಿನದು, ಕೈಯಲ್ಲಿ ಗಜ್ಜರಿ ಹಿಡಿದೇ ಹುಟ್ಟಿದ್ದು. ಪೇಟೆಗೆ ಹೋಗಿ ಕೆಂಪು ಗಜ್ಜರಿ ಚೀಲ ತುಂಬ ತಂದೆ. ಚಂದ್ರಕ್ಕನ ತಲೆಯಲ್ಲಿದ್ದ ಮೊಲ ಸಣ್ಣ ಆಕಾರದ ಎತ್ತು. ಹಿಂಡಿ ನೆನೆಹಾಕಿದರು, ಜೋಳದ ನುಚ್ಚು ಕಲಸಿದರು. ನಾನು ಫೋನಿನಲ್ಲಿ ವಿಡಿಯೋ ಹಚ್ಚಿ ಒಬ್ಬ ಬಿಳಿ ಹೆಂಗಸು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಟಿಮೊಥಿ ಹೇ, ಕೇಲ್, ರೊಮೇನ್, ಡ್ಯಾಂಡೆಲಿಯನ್. ಸವಣೂರಿನ ಕಾಯಿಪಲ್ಲೆ ಪೇಟೆಯಲ್ಲಿ ಈ ಹುಲ್ಲು ಸೊಪ್ಪುಗಳಲ್ಲಿ ಒಂದೂ ಸಿಗುವಂತಿರಲಿಲ್ಲ. ಉಳ್ಳಾಗಡ್ಡಿ ತಪ್ಪಲು ವಿಷ, ಆಲೂಗಡ್ಡೆಯ ಎಲೆ ವಿಷ ಎಂದು ಆಕೆ ಹೇಳಿದಾಗ ಮಾತ್ರ ಚಂದ್ರಕ್ಕ ತಲೆಯಾಡಿಸಿದರು. ಎಳೆಯ ಜೋಳದ ಚಿಗುರು ತಿಂದು ಸತ್ತ ಆಕಳನ್ನು ಅವರು ಕಂಡಿದ್ದರು. ಹಸಿರೆಲ್ಲ ಒಳ್ಳೆಯದಲ್ಲ ಎಂಬುದನ್ನು ಅವರಿಗೆ ಯಾವ ವಿಡಿಯೋ ಹೇಳಬೇಕಾಗಿರಲಿಲ್ಲ.

ಪಕ್ಕದ ಮನೆಯ ಜುಲೇಖಾ, ಅವರದು ಎಲೆಬಳ್ಳಿ ತೋಟ, ಕಂಪೌಂಡಿನ ಮೇಲೆ ಮೊಣಕೈ ಊರಿ ಇದನ್ನೆಲ್ಲ ಕೇಳುತ್ತಿದ್ದಳು. "ಬಾಯಾರ, ನಮ್ಮ ಮನಿ ಸೊಸಿ ಬಾಣಂತನಕ್ಕೂ ಇಷ್ಟು ಪಥ್ಯಾ ಮಾಡಿಲ್ರಿ," ಅಂದಳು. "ಒಂದು ಸವಣೂರ ಎಲಿ ಕೊಡ್ಲ್ಯಾ? ಸುಣ್ಣಾ ಅಡಿಕಿ ನೀವ ಹಚ್ಚಿಕೊಡ್ರಿ." ಚಂದ್ರಕ್ಕ ಅಷ್ಟು ನಕ್ಕಿದ್ದನ್ನು ನಾನು ಚಿಕ್ಕೇರೂರಿನಲ್ಲೂ ಕಂಡಿರಲಿಲ್ಲ.

ಒಂದು ಮುಂಜಾನೆ ಬಸ್ಯಾ ತನ್ನ ಹಿಂಬದಿಗೆ ಬಾಯಿ ಒಯ್ದು, ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತಿರುವುದನ್ನು ಕಂಡು ನಾನು ಛೀ ಎಂದೆ. ಚಂದ್ರಕ್ಕ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ಛೀ ಯಾಕ? ಎತ್ತು ಮೆಲುಕು ಹಾಕ್ತೈತಿ. ಇದು ಹಿಂಗ ಮೆಲುಕು ಹಾಕ್ತೈತಿ."

ಇಂಗ್ಲಿಷಿನಲ್ಲಿ ಹುಡುಕಿ ಓದಿದೆ. ಹೆಚ್ಚುಕಡಿಮೆ ಅದೇ ಇತ್ತು. ಮೊದಲ ಸಲಕ್ಕೆ ಹುಲ್ಲಿನಿಂದ ತೆಗೆಯಲಾಗದ ಸತ್ವವನ್ನು ಎರಡನೆಯ ಸಲಕ್ಕೆ ತೆಗೆದುಕೊಳ್ಳುತ್ತದೆ. ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅರೆದರಷ್ಟೇ ಸವೆಯುತ್ತದೆ. ಬರಿಯ ಹುಲ್ಲನ್ನು ನಂಬಿಕೊಂಡು ಇಷ್ಟು ಜಾಣತನದ ಒಂದು ಮೈಯನ್ನು ಯಾರೋ ಹೊಲಿದಿದ್ದರು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಮಂಡಿಯೂರಿದಾಗ ಬಾರದ ಒಂದು ಮೌನ ಆ ದಿನ ಪಂಜರದ ಮುಂದೆ ನನಗೆ ಬಂತು.

ಹೀಗೆ ಆಷಾಢ ಹತ್ತಿರ ಬಂದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಾನು ಮಣ್ಣೆತ್ತು ಎಂದೂ ಮಾಡಿದವಳಲ್ಲ. ಚಂದ್ರಕ್ಕ ಕೆರೆಯ ಅಂಚಿನ ಕಪ್ಪು ಮಣ್ಣು ತರಿಸಿ, ಹದ ಮಾಡಿ, ಒಂದು ಜೋಡಿ ಎತ್ತು ತಿದ್ದಿದರು. ಕೋಡಿಗೆ ಜೋಳದ ದಂಟಿನ ಚೂರು, ಕಣ್ಣಿಗೆ ಕುಸುಬಿ ಕಾಳು. ಪೂಜೆಯಾಯಿತು. ಹೋಳಿಗೆ, ಕಡಬು, ಅನ್ನ ನೈವೇದ್ಯವಾಯಿತು. ನಾನು ಒಳಗೆ ಹಪ್ಪಳ ಕರಿಯಲು ಹೋದೆ. ತಿರುಗಿ ಬಂದಾಗ ಬಸ್ಯಾನನ್ನು ಮಣ್ಣೆತ್ತುಗಳ ಪಕ್ಕ ಕೂರಿಸಿ, ಹಣೆಗೆ ಅರಿಷಿಣ ಹಚ್ಚಿ, ಎತ್ತಿಗೆ ಕೊಡುವ ಹಾಗೆ ತುಪ್ಪ ಸವರಿದ ಹೋಳಿಗೆಯನ್ನು ತುಂಡು ತುಂಡಾಗಿ ತಿನ್ನಿಸಿದ್ದರು. ನಡುವೆ ನನ್ನ ಗಜ್ಜರಿಯೂ ಇತ್ತು. ಇಷ್ಟು ಸಿಹಿ ಒಳ್ಳೆಯದೇ ಅಕ್ಕಾ ಎಂದು ನಾನು ಅರೆಮನಸ್ಸಿನಿಂದ ಕೇಳಿದೆ.

"ಮಣ್ಣಿನ ಎತ್ತು ಉಣ್ಣಂಗಿಲ್ಲ," ಅಂದರು. ಕಣ್ಣಲ್ಲಿ ನೀರಿತ್ತು. "ಇದು ಉಣ್ತೈತಿ. ಹಬ್ಬದ ದಿನಾ ಬರೇ ಹುಲ್ಲು ಹೆಂಗ ಹಾಕ್ಲಿ?"

ನಾನು ಹಪ್ಪಳದ ತಾಟನ್ನು ಅವರ ಪಕ್ಕ ಇಟ್ಟೆ.

ಮರುದಿನ ಬೆಳಿಗ್ಗೆ ಬಸ್ಯಾ ಮೂಲೆಯಲ್ಲಿ ಉಂಡೆಯಾಗಿ ಕುಳಿತಿತ್ತು. ಹುಲ್ಲು ಹಾಕಿದ್ದು ಹಾಕಿದಂತೆಯೇ ಇತ್ತು. ಪಂಜರದಲ್ಲಿ ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಕಿವಿ ತಣ್ಣಗೆ, ಒಳಗೆ ಹಲ್ಲು ಕಡಿಯುವ ಸಣ್ಣ ಸಪ್ಪಳ. ಚಂದ್ರಕ್ಕ ಹುಲ್ಲು ಬದಲಾಯಿಸಿದರು, ನೀರು ಬದಲಾಯಿಸಿದರು, ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದರು. ಅದು ಮುಖ ತಿರುಗಿಸಿತು. ನಾನು ಅವರ ಮುಂದೆ ಉಪ್ಪಿಟ್ಟಿನ ತಾಟು ಇಟ್ಟೆ. ಅವರೂ ಮುಖ ತಿರುಗಿಸಿದರು. ಶುಗರಿನ ಗುಳಿಗೆಯನ್ನು ಅವರು ಆಗಲೇ ನುಂಗಿಬಿಟ್ಟಿದ್ದರು. ನಾನು ಕಾಡಿ ಬೇಡಿ ಒಂದು ಲೋಟ ಹಾಲು ಕುಡಿಸಿದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ವಿಡಿಯೋದ ಹೆಂಗಸು ಒಂದು ಮಾತು ಒತ್ತಿ ಹೇಳಿದ್ದಳು. ಮೊಲ ಅರ್ಧ ದಿನ ತಿನ್ನದಿದ್ದರೆ ನಾಳೆ ನೋಡೋಣ ಎನ್ನಬಾರದು. ಜುಲೇಖಾ ಓಡಿಹೋಗಿ ಆಟೋ ತಂದಳು. ಬುಟ್ಟಿಯಲ್ಲಿ ಹಳೆಯ ಶಾಲು ಹಾಸಿ, ಜಿಟಿಜಿಟಿ ಮಳೆಯಲ್ಲಿ, ನಮ್ಮೂರಿನ ಆನೆಗಾತ್ರದ ದೊಡ್ಡಹುಣಸೆ ಮರಗಳನ್ನು ದಾಟಿ ದನದ ದವಾಖಾನೆಗೆ ಹೋದೆವು. ಎಷ್ಟೋ ತಲೆಮಾರು ನೋಡಿದ ಆ ಮರಗಳು ಒಂದು ಕಡೆ, ಬುಟ್ಟಿಯಲ್ಲಿ ಹಿಡಿಯಷ್ಟು ಉಸಿರು ಒಂದು ಕಡೆ. ಯಾವುದರ ತೂಕ ಹೆಚ್ಚು ಎಂದು ಆ ದಿನ ಕೇಳಿದ್ದರೆ ನಾನು ಬುಟ್ಟಿ ತೋರಿಸುತ್ತಿದ್ದೆ.

ದವಾಖಾನೆಯಲ್ಲಿ ಎಮ್ಮೆಗಳ ಸಾಲು. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಮೊಣಕಾಲ ತನಕ ಗಮ್ ಬೂಟು. ಮೊಲ ನೋಡುವುದು ತನಗೆ ಅಪರೂಪ ಎಂದು ಮುಚ್ಚಿಡದೆ ಹೇಳಿ, ಧಾರವಾಡದಲ್ಲಿದ್ದ ತನ್ನ ಗೆಳತಿಗೆ ಫೋನ್ ಹಚ್ಚಿ, ಕೇಳಿ ಕೇಳಿ ಪರೀಕ್ಷೆ ಮಾಡಿದಳು. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡಳು.

"ಒಳಗ ಸುಮ್ನ ಐತ್ರಿ," ಅಂದಳು. "ಇದರ ಹೊಟ್ಟಿ ಎಂದೂ ಸುಮ್ನ ಇರಬಾರದು. ಇದಕ್ಕ ವಾಂತಿ ಮಾಡಾಕ ಬರೂದಿಲ್ಲ. ಒಳಗ ಹೋದದ್ದು ಮುಂದನ ಹೋಗಬೇಕು. ಏನ್ ಹಾಕಿದ್ರಿ?"

ಚಂದ್ರಕ್ಕ ಹೇಳಿದರು, ಎಲ್ಲವನ್ನೂ, ತಲೆ ತಗ್ಗಿಸದೆ. ಹುಡುಗಿ ಬೈಯಲಿಲ್ಲ. ಎತ್ತಿಗೂ ಹೋಳಿಗೆ ಜಾಸ್ತಿಯಾದರೆ ಹೊಟ್ಟೆ ಉಬ್ಬುತ್ತದಲ್ಲ ಅಜ್ಜೀ, ಇದು ಎತ್ತಿನ ಮೂಗಿನಷ್ಟೂ ಇಲ್ಲ, ಎಂದಳು. ಹುಲ್ಲೇ ಇದರ ಅನ್ನ, ದಿನವಿಡೀ ಮುಂದೆ ಇರಬೇಕು. ಸೊಪ್ಪು ಒಂದು ಹಿಡಿ, ಹೊಸದಾದರೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಬೇಕು. ಗಜ್ಜರಿ, ಹಣ್ಣು ಎಂದರೆ ನಮಗೆ ಪೇಡೆ ಇದ್ದ ಹಾಗೆ, ಎಂದಾದರೊಮ್ಮೆ ಒಂದು ಚೂರು. ಕಾಳು, ಹಿಟ್ಟು, ಹೋಳಿಗೆ ಬೇಡವೇ ಬೇಡ. ಇಷ್ಟು ಹೇಳಿ ನೋವಿಗೆ ಒಂದು, ಹೊಟ್ಟೆ ನಡೆಯಲು ಒಂದು ಸೂಜಿ ಹಾಕಿ, ಚರ್ಮದ ಕೆಳಗೆ ಸಲೈನ್ ಕೊಟ್ಟಳು. ಬೆಚ್ಚಗಿಡಿ, ಸಂಜೆಯ ತನಕ ಹೊಟ್ಟೆಯ ಸಪ್ಪಳ ಬರದಿದ್ದರೆ ಮತ್ತೆ ಕರೆತನ್ನಿ ಎಂದಳು. ಆದರೆ ಸಪ್ಪಳ ಮನೆಯಲ್ಲಿ ಕೇಳುವುದು ಹೇಗೆ?

ಅಲಮಾರಿಯ ಮೇಲಿನ ಅರೆಯಲ್ಲಿ ಡಾಕ್ಟರರ ಸ್ಟೆತಾಸ್ಕೋಪ್ ಇತ್ತು. ಅವರು ಹೋದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ರಬ್ಬರು ಸ್ವಲ್ಪ ಬಿರುಸಾಗಿತ್ತು. ಕಿವಿಗೆ ಹಾಕಿಕೊಂಡಾಗ ಅವರ ಕಿವಿಯ ಜಾಗಕ್ಕೆ ನನ್ನ ಕಿವಿ ಬಂದಂತಾಗಿ ಒಂದು ಕ್ಷಣ ಕೈ ನಿಂತಿತು. ಆಮೇಲೆ ಬಸ್ಯಾನ ಬೆಚ್ಚನೆಯ ಪಕ್ಕೆಗೆ ಇಟ್ಟೆ. ಎದೆ ಓಡುತ್ತಿತ್ತು, ಎಣಿಸಲಾಗದಷ್ಟು ಬೇಗ. ಕೆಳಗೆ ಸರಿಸಿದೆ. ಏನೂ ಇಲ್ಲ. ಬೇಸಿಗೆಯ ಬಾವಿಯೊಳಗೆ ಕಿವಿಯಿಟ್ಟಂತೆ.

ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಬಾಯಿಯ ಬದಿಯಿಂದ ಹನಿ ಹನಿ ನೀರು ಬಿಡುವುದು, ಶಾಲು ಸುತ್ತುವುದು, ಕೇಳುವುದು. ಚಂದ್ರಕ್ಕ ಗೋಡೆಗೆ ಒರಗಿ ಕುಳಿತಿದ್ದರು. ಅವರ ತುಟಿ ಒಣಗಿತ್ತು, ಬೆರಳು ಸಣ್ಣಗೆ ನಡುಗುತ್ತಿತ್ತು. ಸಕ್ಕರೆ ನೀರು ತಂದರೆ ಎರಡು ಗುಟುಕು ಕುಡಿದು ಲೋಟ ಬದಿಗಿಟ್ಟರು. ನಾನು ಒಂದು ಹೊಟ್ಟೆಗೆ ಕಿವಿಯಿಟ್ಟು ಇನ್ನೊಂದು ಹೊಟ್ಟೆಯ ಮೇಲೆ ಕಣ್ಣಿಟ್ಟಿದ್ದೆ. ಮೊಲ ಹೋದರೆ ಈ ಹೆಂಗಸೂ ಉಳಿಯುವುದಿಲ್ಲ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಹೊತ್ತು ಇಳಿಯುವಾಗ ಜುಲೇಖಾ ಬಂದಳು. ತೋಟದ ಬದುವಿನಲ್ಲಿ ಕಿತ್ತದ್ದು ಎಂದು ಒಂದು ಸೂಡು ಹಕ್ಕರಕಿ ಕೊಟ್ಟಳು. ಮೊಲಕ್ಕಲ್ಲ, ನಮ್ಮಿಬ್ಬರ ರೊಟ್ಟಿಗೆ. ಅದರಲ್ಲಿ ಒಂದೆರಡು ಹಳದಿ ಹೂ ಇದ್ದವು, ಒಂದು ಬಲಿತು ಬಿಳಿ ಕುಚ್ಚಾಗಿತ್ತು. ನಾನು ಸುಮ್ಮನೆ ಉಸಿರು ಬಿಟ್ಟೆ, ಬೀಜಗಳು ತೇಲಿ ಹೋದವು. ಹಲ್ಲುಹಲ್ಲಾದ ಎಲೆ, ಹಾಲು, ಹಳದಿ ಹೂ, ತೇಲುವ ಬೀಜ. ನೇಚರ್ ಸ್ಟಡಿ ಕ್ಲಾಸಿನಲ್ಲಿ ನಾನು ಬಣ್ಣ ತುಂಬಿದ್ದ, ಎಂದೂ ಕಣ್ಣಿಂದ ನೋಡದ ಆ ಡ್ಯಾಂಡೆಲಿಯನ್ನಿನ ತಂಗಿಯೇ ಇದು. ಅರವತ್ತು ವರ್ಷ ಪರದೇಶದ ಹೂವೆಂದು ಕನಸು ಕಂಡದ್ದು ಸವಣೂರಿನ ಬದುವಿನಲ್ಲಿತ್ತು, ಹಸಿ ಪಲ್ಲೆಯಾಗಿ ನನ್ನ ತಾಟಿನಲ್ಲೇ ಇತ್ತು. ಓ ಮೈ ಗಾಡ್ ಎಂದು ನಾನು ಪಿಸುಗುಟ್ಟಿದ್ದನ್ನು ಕೇಳಿ ಚಂದ್ರಕ್ಕ ಮೊಲ ಹೋಯಿತೆಂದೇ ತಿಳಿದು ಕಣ್ಣು ಮುಚ್ಚಿದರು.

ಸೊಪ್ಪು ತೊಳೆದು, ಒರೆಸಿ, ಒಂದು ಎಲೆ ಬಸ್ಯಾನ ಮುಂದಿಟ್ಟು ಮತ್ತೆ ಕಿವಿಗೆ ಹಾಕಿಕೊಂಡೆ. ಎಲ್ಲೋ ಬಹಳ ಆಳದಲ್ಲಿ ಏನೋ ಉರುಳಿತು. ನನ್ನ ಭ್ರಮೆಯೆಂದುಕೊಂಡೆ. ಮತ್ತೆ ಉರುಳಿತು. ಮಾತಾಡದೆ ಸ್ಟೆತಾಸ್ಕೋಪ್ ತೆಗೆದು ಚಂದ್ರಕ್ಕನ ಕಿವಿಗೆ ಹಾಕಿದೆ. ತಮ್ಮನ ಕೊರಳಲ್ಲಿ ಜೀವಮಾನವಿಡೀ ನೋಡಿದ್ದನ್ನು ಅವರು ಮೊದಲ ಬಾರಿ ಹಾಕಿಕೊಂಡದ್ದು. ಮೊದಲು ಗಾಬರಿ. ಆಮೇಲೆ ಅವರ ಮುಖ ಹಿಂದೆಂದೂ ಕಾಣದಷ್ಟು ಚಿಕ್ಕದಾಯಿತು, ಕೂಸಿನ ಮುಖದ ಹಾಗೆ.

"ದೂರ ಎಲ್ಲೋ ಗುಡುಗಾಕತ್ತೈತಿ," ಅಂದರು, ಬಹಳ ಮೆಲ್ಲಗೆ. "ಮಳಿ ಬರೂ ಮುಂದ ಕೇಳ್ತೈತಲ್ಲ, ಹಂಗ."

ಬಸ್ಯಾ ಮೂಗು ಅಲುಗಿಸಿತು. ಎಲೆಯ ಅಂಚು ಮೂಸಿತು. ಬಿಟ್ಟಿತು. ಮತ್ತೆ ಮೂಸಿತು. ಆಮೇಲೆ ತುದಿ ಹಿಡಿದು ಎಳೆದುಕೊಂಡಿತು, ಬಂಕಾಪುರದಲ್ಲಿ ಆ ಕರಕಿ ಎಸಳನ್ನು ಎಳೆದುಕೊಂಡ ಹಾಗೇ, ಎಲ್ಲಿಯೂ ನಿಲ್ಲದೆ. ನಾವು ಮೂವರೂ ಹೆಂಗಸರು ಉಸಿರು ಹಿಡಿದು ನೋಡಿದೆವು. ದೊಡ್ಡ ದೊಡ್ಡ ಪೂಜೆಗಳಲ್ಲಿ ಕೂತಿದ್ದೇನೆ, ಚರ್ಚಿನ ಹೈ ಮಾಸ್‌ಗಳಲ್ಲಿ ನಿಂತಿದ್ದೇನೆ. ಅಂಥ ನೋಟ ಅಲ್ಲಿ ನನಗೆ ಸಿಕ್ಕಿಲ್ಲ.

ಇನ್ನಾದರೂ ಉಣ್ಣಿ ಎಂದೆ. ಇನ್ನೊಂದು ಆಗಲಿ ಎಂದರು. ದೀಪ ಹಚ್ಚುವ ಹೊತ್ತಿಗೆ ಅದೂ ಆಯಿತು. ಸಣ್ಣ, ಒಣ, ಮೆಣಸಿನಕಾಳಿನಂಥ ಒಂದು ಹಿಕ್ಕೆ. ಹಿಂದೆಯೇ ಇನ್ನೊಂದು. ಚಂದ್ರಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ದೀಪಕ್ಕೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಹುಬ್ಬಳ್ಳಿಯ ಸಿಸ್ಟರ್‌ಗಳು ನನ್ನನ್ನು ಆಗ ನೋಡಬೇಕಿತ್ತು. ಜುಲೇಖಾ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಮುತ್ತು ನೋಡಿದ್ಹಂಗ ನೋಡ್ತೀರಲ್ರಿ," ಎಂದು ನಗುತ್ತ ಮನೆಗೆ ಹೋದಳು.

ನಾನು ರೊಟ್ಟಿ, ಹಕ್ಕರಕಿ, ಗಟ್ಟಿ ಮೊಸರು ತಾಟಿಗೆ ಹಾಕಿ ತಂದೆ. ಚಂದ್ರಕ್ಕ ಕೈ ತೊಳೆದು ಬಂದರು, ಕುಳಿತರು, ರೊಟ್ಟಿ ಮುರಿದರು. ಮತ್ತೆ ಕೈ ನಿಂತಿತು. ಬಸ್ಯಾ ಅಲ್ಲಿ ಹುಲ್ಲು ಜಗಿಯುತ್ತಿದೆ, ಸಪ್ಪಳ ಇಲ್ಲಿಗೆ ಕೇಳುತ್ತಿದೆ. ಇನ್ನೇನು?

ಅವರು ನೆಲದ ಮೇಲಿದ್ದ ಸ್ಟೆತಾಸ್ಕೋಪ್ ಎತ್ತಿ, ತಿರುಗಾಮುರುಗ ಹಿಡಿದು ಹೇಗೋ ಕಿವಿಗೆ ಸಿಕ್ಕಿಸಿಕೊಂಡು, ಅದರ ತಣ್ಣನೆಯ ಬಿಲ್ಲೆಯನ್ನು ನನ್ನ ಸೀರೆಯ ಮೇಲಿಂದ ಹೊಟ್ಟೆಗೆ ಇಟ್ಟರು. ಕಣ್ಣು ಮುಚ್ಚಿ ಕೇಳಿದರು.

"ಇಲ್ಲೂ ಸುಮ್ನ ಐತಿ," ಅಂದರು. "ಮುಂಜಾನಿಂದ ನೀನೂ ಏನೂ ಉಂಡಿಲ್ಲ, ಶಾರದಾ."

ನನಗೆ ಅದು ನೆನಪೇ ಇರಲಿಲ್ಲ. ತಮ್ಮ ತಾಟನ್ನು ನನ್ನ ಮುಂದೆ ಸರಿಸಿದರು. ನಾನು ರೊಟ್ಟಿಯಲ್ಲಿ ಹಕ್ಕರಕಿ ಮಡಚಿ ಬಾಯಿಗಿಟ್ಟೆ. ಕಹಿ, ಆಮೇಲೆ ಮೊಸರಿನ ಹುಳಿ. ನನ್ನ ಬಾಯಿ ಆಡುವುದನ್ನು ಚಂದ್ರಕ್ಕ ಕಣ್ಣಿಂದ ಕಂಡರು. ಆಮೇಲೆ ತಾವು ಮುರಿದುಕೊಂಡರು.